ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಸೈಕಲ್ ಹೊಡೆಯುವವರೇ, ಕೊನೆಯವನ ಹಿಂದೆ ಯಾರಿದ್ದಾರೆ?

ಕಳೆದ ನವೆಂಬರ್‌ನಲ್ಲಿ ಬಾಬಾಬುಡನ್‌ಗಿರಿ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ಜೀಪ್ ದಾರಿಯಲ್ಲಿ ಒಂದು ಸೈಕಲ್ ರೈಡ್ ಮಾಡಿಸಿದ್ದೆ. ನನ್ನನ್ನೂ ಸೇರಿಸಿ 14 ಜನ. ಅವರಲ್ಲಿ ಒಬ್ಬ ಹುಡುಗ ಕಾಫಿ ತೋಟದ ದಾರಿಯಲ್ಲಿ ಒಬ್ಬನೇ ಬಿದ್ದ. ಭುಜದ ಹತ್ತಿರ ಕಾಲರ್ ಬೋನ್ ಮುರಿಯಿತು. ಒಂದು ಗಂಟೆ ಅವನ ಹತ್ತಿರ ಯಾರೂ ಇರಲಿಲ್ಲ. ಅವನು ನಮ್ಮ ಜೊತೆ ಇಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ರೈಡ್ ಮಾಡಿಸಿದವನು ನಾನು, ತಪ್ಪೂ ನನ್ನದೇ. ಈ ಸಲ ಮಳೆ ನಿಂತ ಮೇಲೆ ಆ ಕಡೆ ಹೊರಡುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಆ ದಾರಿ ಎಷ್ಟು ಚಂದ ಅಂತ ಹೋದವರಿಗೆ ಗೊತ್ತು. ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ಕಣಿವೆಯಲ್ಲಿ ಶೋಲಾ ಕಾಡು. ಮಂಜು ಬಂದು ಮುಚ್ಚುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಬಾಬಾಬುಡನ್‌ಗಿರಿ 1895 ಮೀಟರ್, ಕೆಮ್ಮಣ್ಣುಗುಂಡಿ 1434 ಮೀಟರ್. ಈ ಎರಡು ಸಂಖ್ಯೆ ನೋಡಿದರೆ ದಾರಿಯೆಲ್ಲಾ ಇಳಿಜಾರು, ಆರಾಮಾಗಿ ಹೋಗಬಹುದು ಅನಿಸುತ್ತದೆ. ನಾನೂ ವಾಟ್ಸಾಪ್‌ನಲ್ಲಿ ಹಾಗೇ ಹಾಕಿದ್ದೆ: 'ಸೈಕಲ್ ಹೊಡೆದು ಅಭ್ಯಾಸ ಇದ್ದರೆ ಸಾಕು.' ಆ ಒಂದು ಸಾಲು ನಂಬಿಕೊಂಡು ಬಂದವರಲ್ಲಿ ಐದು ಜನ ನಂದಿ ಬೆಟ್ಟದ ಟಾರು ರಸ್ತೆ ಬಿಟ್ಟು ಬೇರೆ ಎಲ್ಲೂ ಬೆಟ್ಟ ಇಳಿದವರಲ್ಲ. ನಂದಿ ಹತ್ತುವ ತಾಕತ್ತು ಇತ್ತು, ನಿಜ. ಆದರೆ ಹತ್ತುವುದಕ್ಕೆ ಕಾಲು ಗಟ್ಟಿ ಇದ್ದರೆ ಸಾಕು. ಸಡಿಲ ಕಲ್ಲಿನ ಮೇಲೆ ಇಳಿಯುವುದಕ್ಕೆ ಬ್ರೇಕ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದು ಕೈಗೆ ಗೊತ್ತಿರಬೇಕು.

ಫೆಬ್ರವರಿಯಲ್ಲಿ ಇಬ್ಬರು ಗೆಳೆಯರ ಜೊತೆ ಹೋಗಿ ದಾರಿ ನೋಡಿಕೊಂಡು ಬಂದಿದ್ದೆ. ಆಗ ನೆಲ ಒಣಗಿತ್ತು. ನಾಲ್ಕು ಗಂಟೆಯಲ್ಲಿ ಮುಗಿದಿತ್ತು. ನವೆಂಬರ್‌ಗೂ ಅದೇ ಲೆಕ್ಕ ಹಾಕಿದೆ. ಊರಿನ ಹೆಸರಲ್ಲೇ ಕೆಮ್ಮಣ್ಣು ಇದೆ ಅಲ್ವಾ? ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಬೆಟ್ಟ ಅದು. ಮಳೆ ನಿಂತು ವಾರ ಆಗಿರಲಿಲ್ಲ. ಆ ಮಣ್ಣು ಟೈರಿಗೆ ಮೆತ್ತಿಕೊಂಡು, ಫ್ರೇಮಿನ ಸಂದಿಯಲ್ಲಿ ತುಂಬಿಕೊಂಡು, ಚಕ್ರ ತಿರುಗುವುದೇ ನಿಂತುಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಇಳಿದು ಕಡ್ಡಿಯಲ್ಲಿ ಕೆರೆಯಬೇಕಿತ್ತು. ನಿಂತಲ್ಲೆಲ್ಲಾ ಇಂಬಳ ಕಾಲಿಗೆ ಹತ್ತುತ್ತಿದ್ದವು.

ಬಾಡಿಗೆ ಸೈಕಲ್ ವಿಷಯವನ್ನೂ ಹೇಳಬೇಕು. ಐದು ಸೈಕಲ್ ಬಾಡಿಗೆಗೆ ತಂದಿದ್ದೆವು, ಐದಕ್ಕೂ ರಿಮ್ ಬ್ರೇಕ್, ಅಂದರೆ ರಬ್ಬರ್ ಪ್ಯಾಡ್ ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವಂಥದ್ದು. ನಾನು ಗಾಳಿ ನೋಡಿದೆ, ಸೀಟಿನ ಎತ್ತರ ನೋಡಿದೆ, ಬ್ರೇಕ್ ಪ್ಯಾಡ್ ನೋಡಲಿಲ್ಲ. ಒದ್ದೆ ಮಣ್ಣು ರಿಮ್ಮಿಗೂ ಪ್ಯಾಡಿಗೂ ಮಧ್ಯೆ ಸೇರಿಕೊಂಡರೆ ಉಪ್ಪು ಕಾಗದ ಉಜ್ಜಿದ ಹಾಗೆ. ಅರ್ಧ ಸವೆದ ಪ್ಯಾಡ್ ಅಂಥ ಇಳಿಜಾರಿನಲ್ಲಿ ಒಂದು ದಿನವೂ ಬಾಳುವುದಿಲ್ಲ. ಬ್ರೇಕ್ ಹಿಡಿಕೆಯನ್ನು ಪೂರ್ತಿ ಒತ್ತಿ ನೋಡಿ. ಅದು ಹ್ಯಾಂಡಲ್‌ಗೆ ತಾಗಿದರೆ ಆ ಸೈಕಲ್ ಬೇಡ, ಅಂಗಡಿಯವರು ಏನೇ ಹೇಳಲಿ.

ಏಳಕ್ಕೆ ಹೊರಡಬೇಕಿತ್ತು. ಟೆಂಪೋ ತಡ, ತಿಂಡಿ ತಡ, ಸೈಕಲ್ ಇಳಿಸಿ ಜೋಡಿಸುವುದು ಇನ್ನೂ ತಡ. ಸವಾರಿ ಶುರುವಾದಾಗ ಹತ್ತು ಇಪ್ಪತ್ತು. ಅಲ್ಲೇ 'ಇವತ್ತು ಅರ್ಧ ದಾರಿ ಹೋಗಿ ವಾಪಸ್ ಬರೋಣ' ಅನ್ನಬೇಕಿತ್ತು. ಬೆಂಗಳೂರಿಂದ ರಾತ್ರಿಯೆಲ್ಲಾ ಕೂತು ಬಂದವರ ಮುಖ ನೋಡಿ ಬಾಯಿ ಬರಲಿಲ್ಲ.

ಎರಡೂವರೆ ಹೊತ್ತಿಗೆ ಆ ಹುಡುಗನ ಚೈನ್ ಕಿತ್ತುಹೋಯಿತು. ಅವನಿದ್ದದ್ದು ಕೊನೆಯಲ್ಲಿ. ಅವನ ಮುಂದಿದ್ದವರು ನಿಂತು, ಚೈನ್ ಜೋಡಿಸುವ ಲಿಂಕ್ ಕೊಟ್ಟು, 'ಹಾಕಿಕೊಂಡು ಬಾ, ಮುಂದೆ ಕಾಯ್ತೀವಿ' ಅಂದು ಹೊರಟರು. ಅವರನ್ನು ದೂರುವುದಿಲ್ಲ. ಕೊನೆಯವನ ಹಿಂದೆಯೇ ಬರಬೇಕು ಅಂತ ನಾನು ಯಾರಿಗೂ ಹೇಳಿರಲೇ ಇಲ್ಲ. ಗೊತ್ತಿದ್ದ ಗಟ್ಟಿಗರೆಲ್ಲ ನನ್ನ ಜೊತೆ ಮುಂದಿದ್ದರು.

ಅವನು ಚೈನ್ ಹಾಕಿಕೊಂಡು ಬಂದಾಗ ದಾರಿ ಕವಲೊಡೆದಿತ್ತು. ನಾವು ಬಲಕ್ಕೆ ಹೋಗಿದ್ದೆವು. ಅಷ್ಟರಲ್ಲಿ ತೋಟದ ಪಿಕಪ್ ಒಂದು ಹಾದುಹೋಗಿ ನಮ್ಮ ಟೈರಿನ ಗುರುತು ಅಳಿಸಿಹೋಗಿತ್ತು. ಗಾಡಿಯ ಹಸಿ ಗುರುತು ಎಡಕ್ಕಿತ್ತು, ಅವನು ಎಡಕ್ಕೆ ಇಳಿದ. ಹಿಂದಿನ ಬ್ರೇಕ್ ಒತ್ತಿದರೂ ಹಿಡಿಯಲಿಲ್ಲ. ಮುಂದಿನದನ್ನು ಜೋರಾಗಿ ಹಿಡಿದ. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ.

ನಾಲ್ಕು ಗಂಟೆಗೆ ಒಂದು ಬಯಲಲ್ಲಿ ಕೂತು ಬಿಸ್ಕತ್ ಹಂಚುತ್ತಿದ್ದೆ. ಒಂದು ಪೊಟ್ಟಣ ಉಳಿಯಿತು. ಎಣಿಸಿದೆ, 13. ನನ್ನನ್ನು ಬಿಟ್ಟು ಎಣಿಸಿದೆನೇನೋ ಅಂತ ಮತ್ತೆ ಎಣಿಸಿದೆ. 13. ಆ ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ.

ನಾವು ಮೂವರು ವಾಪಸ್ ಹೋಗಿ ಅವನಿದ್ದಲ್ಲಿಗೆ ಮುಟ್ಟಿದಾಗ ಐದೂಕಾಲು. ಅವನ ಪಕ್ಕ ಒಬ್ಬ ಹೆಂಗಸು ಕೂತಿದ್ದರು. ಕಾಫಿ ಹಣ್ಣು ಕುಯ್ಯುವ ಕೆಲಸ ಮುಗಿಸಿ ಮನೆಗೆ ಹೊರಟವರು. ತಲೆಗೆ ಕಟ್ಟಿಕೊಂಡಿದ್ದ ಟವೆಲ್ ಬಿಚ್ಚಿ ಅವನ ಕೈಯನ್ನು ಕುತ್ತಿಗೆಗೆ ಕಟ್ಟಿದ್ದರು. ನನ್ನನ್ನು ನೋಡಿ, "ಹುಡ್ಗನ್ನ ಒಬ್ನೇ ಬಿಟ್ಟು ಹೆಂಗ್ ಹೋದ್ರಿ ಸಾರ್? ಕತ್ಲಾದ್ರೆ ಇಲ್ಲಿ ಕಾಟಿ ಓಡಾಡ್ತವೆ" ಅಂದರು. ಕಾಟಿ ಅಂದರೆ ಕಾಡುಕೋಣ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಅವರೇ ಹೇಳಿ ಕಳಿಸಿದ್ದರು. ರೈಟರ್ ಪಿಕಪ್ ತಂದರು. ಆ ಅಕ್ಕನಿಗೆ ಸರಿಯಾಗಿ ಒಂದು ಮಾತು ಹೇಳುವುದಕ್ಕೂ ಅವತ್ತು ನನ್ನಿಂದ ಆಗಲಿಲ್ಲ. ಜನವರಿಯಲ್ಲಿ ಹೋಗಿ ಭೇಟಿಯಾಗಿ ಬಂದೆ.

ಚಿಕ್ಕಮಗಳೂರಿನ ಆಸ್ಪತ್ರೆ ಸೇರಿದ ಮೇಲೆ ಇನ್ನೊಂದು ತಪ್ಪು ಗೊತ್ತಾಯಿತು. ಯಾರ ಮನೆಯ ನಂಬರೂ ನನ್ನ ಹತ್ತಿರ ಇರಲಿಲ್ಲ. ಬಿದ್ದಾಗ ಅವನ ಫೋನ್ ಒಡೆದಿತ್ತು. ನೋವಿನಲ್ಲಿ ಅವನಿಗೆ ಅಮ್ಮನ ನಂಬರ್ ನೆನಪಾಗಲಿಲ್ಲ. ಯಾರ್ಯಾರಿಗೋ ಫೋನ್ ಮಾಡಿ ಕೊನೆಗೆ ಅವರಿಗೆ ವಿಷಯ ಮುಟ್ಟಿಸಿದಾಗ ರಾತ್ರಿ ಒಂಬತ್ತು ದಾಟಿತ್ತು. ಅವರು ಬೈಯಲಿಲ್ಲ. "ಅವನ ಜೊತೆ ಯಾರಿದ್ರಪ್ಪಾ ಬಿದ್ದಾಗ?" ಅಂತ ಕೇಳಿದರು, ಅಷ್ಟೇ.

ಎರಡು ತಿಂಗಳು ಅವನು ಆ ಕೈ ಎತ್ತಲಾಗಲಿಲ್ಲ. ಈಗ ಚೆನ್ನಾಗಿದ್ದಾನೆ.

ಆಮೇಲೆ ಎರಡು ರೈಡ್ ಮಾಡಿಸಿದ್ದೇನೆ, ಎಂಟು ಜನಕ್ಕಿಂತ ಜಾಸ್ತಿ ಇಲ್ಲ. ನನಗಿಂತ ಚೆನ್ನಾಗಿ ಸೈಕಲ್ ಹೊಡೆಯುವವನನ್ನೇ ಕೊನೆಯಲ್ಲಿ ಇಡುತ್ತೇನೆ, ರಿಪೇರಿ ಚೀಲ ಅವನ ಬೆನ್ನಲ್ಲಿ. ಕವಲು ಸಿಕ್ಕ ಕಡೆಯೆಲ್ಲಾ ನಿಲ್ಲುತ್ತೇವೆ, ಅವನು ಬಂದು ಮುಖ ತೋರಿಸುವ ತನಕ ಒಬ್ಬರೂ ಕದಲುವುದಿಲ್ಲ. ಹೀಗೆ ಕಾಯುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಹೋಗಲಿ. ಮನೆಯವರ ನಂಬರ್ ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರ್‌ನಲ್ಲಿ ಎರಡು ಪ್ರತಿ ಇರುತ್ತದೆ. ಮಧ್ಯಾಹ್ನ ಒಂದಕ್ಕೆ ಅರ್ಧ ದಾರಿ ಮುಟ್ಟದಿದ್ದರೆ ವಾಪಸ್. ಇದನ್ನು ಹಿಂದಿನ ದಿನವೇ ಎಲ್ಲರಿಗೂ ಹೇಳಿರುತ್ತೇನೆ. ಸುಮ್ನೆ ಆ ಹೊತ್ತಿಗೆ ವಾದ ಬೇಡ ಅಂತ.

ಈ ವರ್ಷ ಆ ದಾರಿಯಲ್ಲಿ ಹೋಗುವವರು ನನಗೊಂದು ಮೆಸೇಜ್ ಹಾಕಿ. ಮೋಸ ಮಾಡುವ ಕವಲು ಮೂರು ಇವೆ. ಮೂರನ್ನೂ ಮ್ಯಾಪ್‌ನಲ್ಲಿ ಗುರುತು ಹಾಕಿ ಕಳಿಸುತ್ತೇನೆ.