ಓನರ್ ಹತ್ತಿರ ನೇರವಾಗಿ ಮನೆ ಬುಕ್ ಮಾಡಿದೆವು, ಆದರೆ ಅವನು ಓನರೇ ಆಗಿರಲಿಲ್ಲ

ರಾತ್ರಿ 9:30 ಇರಬಹುದು, ಬೆಲ್ ಆಯಿತು. ಮಕ್ಕಳು ಆಗಷ್ಟೇ ಮಲಗಿದ್ದರು. ಬಾಗಿಲು ತೆಗೆದರೆ ಒಬ್ಬರು ವಯಸ್ಸಾದ ಹೆಂಗಸು, ಪಕ್ಕದಲ್ಲಿ ಅವರ ಮಗ. ಅವರ ಕೈಯಲ್ಲಿ ಕೀ ಗೊಂಚಲು. ನಮ್ಮನ್ನು ನೋಡಿ ಅವರಿಗೇ ಗಾಬರಿಯಾಯಿತು. "ಯಾರು ನೀವು? ನಮ್ಮ ಮನೇಲಿ ಏನ್ ಮಾಡ್ತಿದ್ದೀರಿ?" ಅಂದರು. ನಾನು ಏನು ಹೇಳಲಿ? ಐದು ರಾತ್ರಿಯ ಬಾಡಿಗೆ ಪೂರ್ತಿ ಕಟ್ಟಿದ್ದೆವು, ಮೇಲೆ ಡೆಪಾಸಿಟ್ ಬೇರೆ. ಅದೂ ಯಾವ ಏಜೆನ್ಸಿಗೂ ಅಲ್ಲ, ನೇರವಾಗಿ ಮನೆ ಓನರಿಗೆ ಅಂತ ನಂಬಿಕೊಂಡು.

ರಜೆಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಏಜೆನ್ಸಿ ಯಾಕೆ, ಓನರ್ ಹತ್ತಿರಾನೇ ಮಾತಾಡು, ಕಮಿಷನ್ ಉಳಿಯುತ್ತೆ" ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ. ಆ ಮಾತನ್ನು ಈಗಲೂ ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅದರೊಳಗೆ ಒಂದು ಗುಂಡಿ ಇದೆ, ನಾವು ಬಿದ್ದಿದ್ದು ಅಲ್ಲಿ.

ಅದಕ್ಕೆ ಮೊದಲು ಮೂರ್ನಾಲ್ಕು ವರ್ಷ ಏಜೆನ್ಸಿ ಮೂಲಕವೇ ಹೋಗುತ್ತಿದ್ದೆವು. ಸಿಟ್ಟು ಬರುತ್ತಿದ್ದುದು ನಿಜ. ಮೊದಲು ಒಂದು ಬಾಡಿಗೆ ತೋರಿಸುತ್ತಾರೆ, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸರ್ವಿಸ್ ಚಾರ್ಜು, ಕ್ಲೀನಿಂಗ್ ಚಾರ್ಜು, ಇನ್ನೊಂದು ಮತ್ತೊಂದು ಸೇರಿ ಲೆಕ್ಕವೇ ಬೇರೆ ಆಗಿರುತ್ತದೆ. ಒಂದು ಸಲ ಹೊರಡಲು ಎರಡು ದಿನ ಇದ್ದಾಗ ಫೋನ್ ಮಾಡಿ "ನೀವು ಬುಕ್ ಮಾಡಿದ ಮನೆ ರಿಪೇರಿಗೆ ಬಂದಿದೆ, ಅದೇ ಥರದ ಬೇರೆ ಮನೆ ಕೊಡುತ್ತೇವೆ" ಅಂದರು. ಹೋಗಿ ನೋಡಿದರೆ ಮಕ್ಕಳು ಕಾಯುತ್ತಿದ್ದ ಅಂಗಳವೇ ಇಲ್ಲ. ಕೇಳಿದ್ದಕ್ಕೆ, ಬೇರೆ ಮನೆ ಕೊಡುವ ಹಕ್ಕು ನಮಗಿದೆ ಅಂತ ಕರಾರಿನ ಸಣ್ಣ ಅಕ್ಷರದ ಸಾಲು ತೋರಿಸಿದರು. ಇನ್ನು ಏಜೆನ್ಸಿಯ ಸಹವಾಸವೇ ಬೇಡ ಅಂತ ನಿರ್ಧಾರ ಮಾಡಿದ್ದು ಅವತ್ತು.

ಇನ್ನೊಂದು ಸಲ ಏನಾಗಿತ್ತು ಅನ್ನುವುದು ಮಾತ್ರ ಆಗ ನೆನಪಿಗೆ ಬರಲಿಲ್ಲ. ಬಾತ್‌ರೂಮಿನ ನೀರು ಕಾಯಿಸುವ ಹೀಟರ್ ಕೆಟ್ಟಿತ್ತು, ಏಜೆನ್ಸಿಗೆ ಒಂದು ಫೋನ್ ಮಾಡಿದೆವು, ಸಂಜೆಯೊಳಗೆ ಒಬ್ಬ ಬಂದು ಸರಿ ಮಾಡಿ ಹೋದ. ಹಾಗೆ ಫೋನ್ ಮಾಡಿದರೆ ಬರುವವರು ಒಬ್ಬರು ಇರಬೇಕಲ್ಲ, ನಾವು ಬೈಯುತ್ತಿದ್ದ ಕಮಿಷನ್‌ನಲ್ಲಿ ಸ್ವಲ್ಪ ಭಾಗ ಅದಕ್ಕೇ ಹೋಗುತ್ತಿತ್ತು.

ಓನರ್ ನೇರವಾಗಿ ಮನೆ ಕೊಡುವುದು ಹೊಸದೂ ಅಲ್ಲ, ಅನುಮಾನ ಪಡುವಂಥದ್ದೂ ಅಲ್ಲ. 1995ರಲ್ಲಿ ಶುರುವಾದ ವಿಆರ್‌ಬಿಒ ಸೈಟಿನ ಹೆಸರಿನ ಅರ್ಥವೇ 'ಓನರುಗಳೇ ಕೊಡುವ ರಜೆ ಮನೆಗಳು' ಅಂತ. 2008ರಲ್ಲಿ ಏರ್‌ಬಿಎನ್‌ಬಿ ಬಂತು. ಇಂಥ ಸೈಟುಗಳಲ್ಲಿ ಮನೆ ಹಾಕುವವರು ಓನರೇ ಇರಬಹುದು, ಆದರೆ ದುಡ್ಡು ಸೈಟಿನ ಮೂಲಕ ಹೋಗುತ್ತದೆ. ಏರ್‌ಬಿಎನ್‌ಬಿಯಲ್ಲಿ ಸಾಮಾನ್ಯವಾಗಿ ಚೆಕ್‌-ಇನ್ ಆಗಿ 24 ಗಂಟೆ ಹೊತ್ತಾದ ಮೇಲೆ ಓನರಿಗೆ ದುಡ್ಡು ಬಿಡುತ್ತಾರೆ. ಅಂದರೆ ನೀವು ಒಳಗೆ ಹೋಗಿ, ನಲ್ಲಿ ತಿರುಗಿಸಿ, ಮನೆ ನೋಡುವಷ್ಟು ಹೊತ್ತು ದುಡ್ಡು ಮೂರನೆಯವರ ಹತ್ತಿರ ಇರುತ್ತದೆ. ಹಾಗಾಗಿ ನಾವು ಅಂದುಕೊಂಡ ಹಾಗೆ ಏಜೆನ್ಸಿ, ಓನರ್ ಅಂತ ಎರಡೇ ದಾರಿ ಇಲ್ಲ, ಮೂರು ಇವೆ. ಏಜೆನ್ಸಿ ಒಂದು. ಸೈಟಿನ ಮೂಲಕ ಓನರ್ ಇನ್ನೊಂದು. ನೇರ ಅಕೌಂಟಿಗೆ ದುಡ್ಡು ಹಾಕಿಸಿಕೊಳ್ಳುವ ಓನರ್ ಮೂರನೆಯದು. ನಾವು ಎರಡನೇ ದಾರಿಯಲ್ಲಿ ಹೊರಟು ಅರ್ಧದಲ್ಲಿ ಮೂರನೆಯದಕ್ಕೆ ತಿರುಗಿದೆವು, ತಿರುಗಿದ್ದು ನಮಗೆ ಗೊತ್ತೇ ಆಗಲಿಲ್ಲ.

ಆಗಿದ್ದು ಹೀಗೆ. ಒಂದು ದೊಡ್ಡ ಸೈಟಿನಲ್ಲಿ ಮನೆ ನೋಡಿದೆ. ಫೋಟೋಗಳಲ್ಲಿ ಒಂದು ಕಿಟಕಿ ಇತ್ತು, ನೀಲಿ ಗಾಜಿನ ಚಿಕ್ಕ ಚಿಕ್ಕ ಚೌಕಗಳು, ಅದರಿಂದ ಬೆಳಕು ನೆಲದ ಮೇಲೆ ಬಿದ್ದಿತ್ತು. ಒಂದು ಚೌಕ ಮಾತ್ರ ಬಣ್ಣವಿಲ್ಲದ ಬಿಳಿ ಗಾಜು, ಒಡೆದು ಹೋಗಿ ಆಮೇಲೆ ಹಾಕಿಸಿರಬೇಕು. ಆ ಕಿಟಕಿ ನೋಡಿಯೇ ನಾನು ಮನಸೋತಿದ್ದು. ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು, ತುಂಬ ಮರ್ಯಾದೆಯಿಂದ. ಎರಡನೇ ಮೆಸೇಜಿನಲ್ಲೇ ತನ್ನ ಫೋನ್ ನಂಬರ್ ಕಳಿಸಿದ. ಅಂಕಿಗಳಲ್ಲಿ ಬರೆದರೆ ಸೈಟು ಅಳಿಸಿಹಾಕುತ್ತದೆ ಅಂತ 'ಒಂಬತ್ತು, ಎಂಟು' ಅಂತ ಅಕ್ಷರದಲ್ಲಿ ಬರೆದಿದ್ದ. ಸೈಟಿನ ಕಣ್ಣು ತಪ್ಪಿಸಲು ಇಷ್ಟು ಕಷ್ಟಪಡುವವನು ಇನ್ನೇನು ಮುಚ್ಚಿಡುತ್ತಾನೆ ಅಂತ ನಾನು ಆಗಲೇ ಯೋಚಿಸಬೇಕಿತ್ತು.

ಫೋನಿನಲ್ಲಿ ಹೇಳಿದ, "ಮೇಡಂ, ಸೈಟಿಗೆ ಸುಮ್ನೆ ಯಾಕೆ ಕಮಿಷನ್ ಕೊಡೋದು? ಆ ದುಡ್ಡು ನಿಮಗೇ ಬಿಡ್ತೀನಿ. ನೇರ ಅಕೌಂಟಿಗೆ ಹಾಕಿ." ಹೆಚ್ಚುಕಡಿಮೆ ಶೇ. 15 ಕಡಿಮೆ ಆಗುತ್ತಿತ್ತು. ಮೊದಲು ಅರ್ಧ ಕಳಿಸಿದೆವು. ಅಕೌಂಟಿನಲ್ಲಿ ಬೇರೆ ಹೆಸರು ಬಂತು, ಕೇಳಿದ್ದಕ್ಕೆ "ನಮ್ಮ ಬಾವನ ಅಕೌಂಟು, ಬಾಡಿಗೆ ಲೆಕ್ಕವೆಲ್ಲ ಅವರೇ ನೋಡ್ಕೋತಾರೆ" ಅಂದ. ಮೂರು ದಿನ ಬಿಟ್ಟು ಮತ್ತೆ ಫೋನ್. ಅದೇ ತಾರೀಖಿಗೆ ಇನ್ನೊಂದು ಪಾರ್ಟಿ ಪೂರ್ತಿ ದುಡ್ಡು ಕೊಡಲು ತಯಾರಿದ್ದಾರೆ, ಸಂಜೆಯೊಳಗೆ ಉಳಿದದ್ದು ಹಾಕಿದರೆ ನಿಮಗೇ ಇಟ್ಟುಕೊಳ್ಳುತ್ತೇನೆ ಅಂತ. ನಮ್ಮವರು "ಸ್ವಲ್ಪ ತಡಿ, ಏನೋ ಸರಿಯಿಲ್ಲ" ಅಂದರು. ನಾನು ಕೇಳಲಿಲ್ಲ. ಮಕ್ಕಳಿಗೆ ಆಗಲೇ ಫೋಟೋ ತೋರಿಸಿಬಿಟ್ಟಿದ್ದೆ.

ಹೋದ ದಿನ ಎಲ್ಲ ಸರಿಯಾಗೇ ಇತ್ತು, ಮೋಸ ಗೊತ್ತಾಗದೇ ಹೋಗಿದ್ದು ಅದಕ್ಕೇ. ಮನೆ ಹೇಳಿದ ಜಾಗದಲ್ಲೇ ಇತ್ತು. ಗೇಟಿನ ಪಕ್ಕ ನಾಲ್ಕು ಅಂಕಿಯ ನಂಬರ್ ಹಾಕಿ ತೆಗೆಯುವ ಸಣ್ಣ ಡಬ್ಬಿ, ಒಳಗೆ ಕೀ. ನೀಲಿ ಕಿಟಕಿಯೂ ಇತ್ತು. ಆದರೆ ಗೇಟಿನ ಅಂಚೆ ಡಬ್ಬಿಯ ಮೇಲೆ ಬೇರೆ ಯಾರದೋ ಹೆಸರು. ಬಾಗಿಲ ಸಂದಿಯಿಂದ ಒಳಗೆ ಬಿದ್ದಿದ್ದ ಕರೆಂಟ್ ಬಿಲ್ಲಿನ ಮೇಲೂ ಅದೇ ಹೆಸರು, ಅದನ್ನು ಎತ್ತಿ ಶೆಲ್ಫಿನ ಮೇಲಿಟ್ಟಿದ್ದು ನಾನೇ. ಹಾಲಿನ ಗೋಡೆಯಲ್ಲಿ ಫೋಟೋಗಳನ್ನು ತೆಗೆದ ಗುರುತು, ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ನಾಲ್ಕು ಚೌಕಗಳು, ಮೊಳೆ ಹಾಗೇ ಇತ್ತು. ಒಂದು ರೂಮಿಗೆ ಬೀಗ. ನಮ್ಮ ಅತ್ತೆ ಒಂದು ಸುತ್ತು ಹಾಕಿ ಬಂದು ಹೇಳಿದರು, "ಇದು ಬಾಡಿಗೆಗೆ ಬಿಡೋ ಮನೆ ಥರ ಇಲ್ಲ ಕಣೆ, ಯಾರೋ ಬಾಳಿದ ಮನೆ ಇದು." ಇಷ್ಟು ದೂರ ಬಂದಾಗಿದೆ, ಈಗ ಅದೆಲ್ಲ ಯಾಕೆ ಅಂತ ನಾನು ಮಾತು ಬದಲಿಸಿದೆ.

ಮಾರನೇ ದಿನ ರಾತ್ರಿ ಆ ಅಮ್ಮ ಬಂದರು. ಅಂಚೆ ಡಬ್ಬಿಯ ಮೇಲಿದ್ದ ಹೆಸರು ಅವರದು. ನಮ್ಮ ಹತ್ತಿರ ದುಡ್ಡು ತೆಗೆದುಕೊಂಡವನು ಅವರ ಬಾಡಿಗೆದಾರ. ಸಂಸಾರ ಇಡುತ್ತೇನೆ ಅಂತ ಹೇಳಿ ಒಂದು ವರ್ಷಕ್ಕೆ ಮನೆ ಹಿಡಿದು, ಒಂದು ದಿನವೂ ಅಲ್ಲಿ ಇರದೆ, ಬಂದುಹೋಗುವವರಿಗೆಲ್ಲ ಓನರ್ ಅಂತ ಹೇಳಿಕೊಂಡು ದಿನದ ಲೆಕ್ಕದಲ್ಲಿ ಕೊಡುತ್ತಿದ್ದ. ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವ ಹಾಗಿಲ್ಲ ಅಂತ ಕರಾರಿನಲ್ಲಿ ಸ್ಪಷ್ಟವಾಗಿತ್ತು, ಅವರ ಮಗ ಫೋನಿನಲ್ಲಿ ಅದನ್ನು ತೆಗೆದು ತೋರಿಸಿದರು. ವಾರಕ್ಕೊಂದು ಹೊಸ ಕಾರು ನಿಲ್ಲುತ್ತಿದೆ ಅಂತ ಪಕ್ಕದ ಮನೆಯವರು ಫೋನ್ ಮಾಡಿದ್ದಕ್ಕೆ ಇವರು ಬಂದಿದ್ದರು. ಎರಡು ತಿಂಗಳಿಂದ ಇವರಿಗೂ ಬಾಡಿಗೆ ಬಂದಿರಲಿಲ್ಲ.

ಅವನಿಗೆ ಫೋನ್ ಮಾಡಿದರೆ ಒಂದು ಸಲ ರಿಂಗ್ ಆಯಿತು, ಆಮೇಲೆ ಸ್ವಿಚ್ ಆಫ್. ನಾನು ಬ್ಯಾಗಿಗೆ ಬಟ್ಟೆ ತುಂಬಲು ಶುರು ಮಾಡಿದೆ, ಕೈ ನಡುಗುತ್ತಿತ್ತು. ಆ ಅಮ್ಮ ಒಳಗೆ ಬಂದು ಮಲಗಿದ್ದ ಮಕ್ಕಳನ್ನು ನೋಡಿ, "ಈ ಹೊತ್ತಲ್ಲಿ ಎಬ್ಬಿಸಬೇಡಮ್ಮ, ಬೆಳಗ್ಗೆ ಹೋಗಿ" ಅಂದರು. ಅವರು ಪೊಲೀಸರನ್ನು ಕರೆದು ನಮ್ಮನ್ನು ಬೀದಿಗೆ ನಿಲ್ಲಿಸಬಹುದಿತ್ತು, ನಮ್ಮ ಹತ್ತಿರ ತೋರಿಸಲು ಒಂದು ಕಾಗದವೂ ಇರಲಿಲ್ಲ. ಅವರ ಉಪಕಾರ ನಾನು ಮರೆಯುವುದಿಲ್ಲ.

ದುಡ್ಡಿನ ಕಥೆ ಬೇಗ ಮುಗಿಯಿತು. ಸೈಟಿನವರು ನಮ್ಮಲ್ಲಿ ನಿಮ್ಮ ಬುಕಿಂಗೇ ಇಲ್ಲ, ದುಡ್ಡು ಹೊರಗೆ ಕೊಟ್ಟಿದ್ದೀರಿ, ಅದು ನಿಯಮಕ್ಕೇ ವಿರುದ್ಧ ಅಂದರು. ಅವರು ಹೇಳಿದ್ದು ಸರಿ, ದೊಡ್ಡ ಸೈಟುಗಳೆಲ್ಲ ಹೊರಗೆ ದುಡ್ಡು ಕೊಡಬೇಡಿ ಅಂತ ಬರೆದೇ ಇರುತ್ತವೆ. ಬ್ಯಾಂಕಿನವರು ದೂರು ತೆಗೆದುಕೊಂಡರು, ಆದರೆ ನೀವೇ ನಿಮ್ಮ ಕೈಯಾರೆ ಕಳಿಸಿದ ದುಡ್ಡು, ಆ ಕಡೆ ಅಕೌಂಟಿನಲ್ಲಿ ಈಗ ಏನೂ ಉಳಿದಿಲ್ಲ ಅಂದರು. ಕಾರ್ಡಿನಲ್ಲಿ ಕಟ್ಟಿದ್ದರೆ ಸಿಗಬೇಕಾದ್ದು ಸಿಗಲಿಲ್ಲ ಅಂತ ತಕರಾರು ಹಾಕಲು ಒಂದು ದಾರಿ ಇರುತ್ತಿತ್ತು, ವೀಸಾ ಕಾರ್ಡುಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 120 ದಿನ ಕೊಡುತ್ತಾರೆ. ಬ್ಯಾಂಕ್ ಟ್ರಾನ್ಸ್‌ಫರಿಗೆ ಆ ಥರದ ದಾರಿ ಇಲ್ಲ. ಪೊಲೀಸರಿಗೂ ದೂರು ಕೊಟ್ಟಿದ್ದೇವೆ. ಇವತ್ತಿನವರೆಗೆ ಬಾಡಿಗೆಯೂ ಬಂದಿಲ್ಲ, ಡೆಪಾಸಿಟ್ಟೂ ಬಂದಿಲ್ಲ.

ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರೂ ಕೊಡುವ ಬುದ್ಧಿಮಾತು ಏನು? ಫೋಟೋ ಕದ್ದಿದ್ದಾ ಅಂತ ಗೂಗಲ್‌ನಲ್ಲಿ ಹುಡುಕಿ, ಮ್ಯಾಪಿನಲ್ಲಿ ವಿಳಾಸ ನೋಡಿ, ವಿಡಿಯೋ ಕಾಲ್ ಮಾಡಿ ಮನೆ ನೋಡಿ. ಮಾಡಿ, ಖಂಡಿತ ಮಾಡಿ, ಇಲ್ಲದ ಮನೆ ತೋರಿಸುವವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ನಮ್ಮ ವಿಷಯದಲ್ಲಿ ಅದೆಲ್ಲ ಮಾಡಿದ್ದರೂ ಏನೂ ಗೊತ್ತಾಗುತ್ತಿರಲಿಲ್ಲ. ಮನೆ ನಿಜ, ಫೋಟೋ ನಿಜ, ಕೀ ನಿಜ. ಸುಳ್ಳು ಇದ್ದದ್ದು ಮನುಷ್ಯನಲ್ಲಿ. ಹಾಗಾಗಿ ಮನೆ ಇದೆಯಾ ಅಂತ ನೋಡಿದರೆ ಸಾಲದು, ಅದನ್ನು ಬಾಡಿಗೆಗೆ ಕೊಡುವ ಹಕ್ಕು ಇವನಿಗೆ ಇದೆಯಾ ಅಂತ ನೋಡಬೇಕು. ಮನೆಯ ತೆರಿಗೆ ರಸೀದಿ, ಕರೆಂಟ್ ಬಿಲ್, ಇವುಗಳಲ್ಲಿರುವ ಹೆಸರು ಮತ್ತು ದುಡ್ಡು ಹೋಗುವ ಅಕೌಂಟಿನ ಹೆಸರು ಒಂದೇ ಇರಬೇಕು. ಬೇರೆ ಇದ್ದರೆ ಆ ಬೇರೆ ಹೆಸರಿನವರ ಜೊತೆಯೇ ಮಾತಾಡಬೇಕು. ಕೆಲವು ಕಡೆ ಇಂಥ ಬಾಡಿಗೆಗೆ ಸರ್ಕಾರದ ನೋಂದಣಿ ಬೇಕು, ಜಪಾನಿನಲ್ಲಿ 2018ರಿಂದ ಇದೆ, ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂತು. ಅಂಥ ಊರಿಗೆ ಹೋಗುವುದಾದರೆ ಆ ನಂಬರ್ ಕೇಳಿ. ನಿಜವಾದ ಓನರ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೂ ಗೊತ್ತಿಲ್ಲದವರನ್ನು ಮನೆಯೊಳಗೆ ಬಿಡುವ ಭಯ ಇರುತ್ತದಲ್ವಾ.

ಏಜೆನ್ಸಿ ಆದರೆ ಕಣ್ಣು ಮುಚ್ಚಿ ದುಡ್ಡು ಕೊಡಬಹುದು ಅಂತಲೂ ಅಲ್ಲ. ಹೆಸರಿರುವ ಏಜೆನ್ಸಿಯ ವೆಬ್‌ಸೈಟನ್ನು ಹಾಗೇ ನಕಲು ಮಾಡಿ, ವಿಳಾಸದಲ್ಲಿ ಒಂದೇ ಅಕ್ಷರ ಬದಲಿಸಿ ದುಡ್ಡು ಹೊಡೆಯುವವರಿದ್ದಾರೆ. ಅಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಿ ವಿಚಾರಿಸಿದರೆ ಅವರೇ ಎತ್ತುತ್ತಾರೆ, ನಂಬರನ್ನು ಬೇರೆ ಕಡೆಯಿಂದ ಹುಡುಕಬೇಕು. ನಿಜವಾದ ಏಜೆನ್ಸಿಯಾದರೆ ಡೆಪಾಸಿಟ್ ಯಾರ ಹತ್ತಿರ ಇರುತ್ತದೆ, ಎಷ್ಟು ದಿನಕ್ಕೆ ವಾಪಸ್, ರಾತ್ರಿ ನೀರು ನಿಂತರೆ ಯಾರು ಬರುತ್ತಾರೆ, ಮನೆ ಬದಲಿಸಿದರೆ ಬೇಡ ಅಂದು ದುಡ್ಡು ವಾಪಸ್ ಕೇಳಬಹುದಾ, ಇದನ್ನೆಲ್ಲ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇದಾಗಿ ಎಂಟು ತಿಂಗಳಿಗೆ ಮತ್ತೆ ಒಬ್ಬರು ಓನರ್ ಹತ್ತಿರವೇ ಮನೆ ತೆಗೆದುಕೊಂಡೆವು. ಸಂಕೋಚ ಬಿಟ್ಟು ಆಗಿದ್ದೆಲ್ಲ ಹೇಳಿ, ಕಾಗದ ತೋರಿಸಿ ಅಂತ ಕೇಳಿದೆ. ಅವರು ಕಾಗದ ತೋರಿಸಿದ್ದಲ್ಲದೆ, "ದುಡ್ಡು ಸೈಟಿನಲ್ಲೇ ಕಟ್ಟಿ, ನೀವು ಬಂದು ಮನೆ ನೋಡೋವರೆಗೂ ಅಲ್ಲೇ ಇರಲಿ" ಅಂತ ತಾವಾಗೇ ಹೇಳಿದರು. ಕಮಿಷನ್ ಹೋಯಿತು. ಆ ನಾಲ್ಕು ದಿನವೂ ಬೆಲ್ ಆದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಆ ಹಳೇ ಮನೆಯ ಜಾಹೀರಾತನ್ನು ಸೈಟಿಗೆ ರಿಪೋರ್ಟ್ ಮಾಡಿ ತೆಗೆಸಿದ್ದೆವು. ಹೋದ ವಾರ ಅದೇ ಫೋಟೋಗಳು ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಕಂಡವು, 'ಓನರಿಂದ ನೇರ, ಕಮಿಷನ್ ಇಲ್ಲ' ಅಂತ ಮೇಲೆ ಬರೆದಿದೆ. ಆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಮನೆ ಈಗ ಅವರ ಕೈಗೆ ಬಂದಿದೆ, ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಅಂದರೆ ಈ ಸಲ ದುಡ್ಡು ಕಟ್ಟಿ ಹೋದವರಿಗೆ ಕೀಯೂ ಸಿಗುವುದಿಲ್ಲ. ಅದನ್ನೂ ರಿಪೋರ್ಟ್ ಮಾಡಿದ್ದೇನೆ, ಇನ್ನೂ ತೆಗೆದಿಲ್ಲ. ನೀಲಿ ಗಾಜಿನ ಕಿಟಕಿ, ಅದರಲ್ಲಿ ಮೇಲಿನ ಸಾಲಿನ ಎಡತುದಿಯ ಚೌಕ ಮಾತ್ರ ಬಿಳಿ. ಈ ಫೋಟೋ ಯಾರಿಗಾದರೂ ಕಂಡರೆ ಒಂದು ಪೈಸೆಯನ್ನೂ ಕಳಿಸಬೇಡಿ.