ಕಾಲು ನೋವಿಗಿ ಯಾರ ಕಡಿ ಹೋಗಬೇಕು? ಕಲಬುರಗಿದಾಗ ನಮಗ ಆದ ಅನುಭವ

ಐದಕ್ಕ ನಾಲ್ಕೂವರಿ ಸ್ಟಾರ್ ಕೊಡ್ಲಾಕತ್ತೀನಿ, ಅರ್ಧ ಯಾಕ ಕಡಿಮಿ ಅಂತ ಕೆಳಗ ಹೇಳ್ತೀನಿ. ಇದು ಸೇಡಂ ರೋಡ್ ಕಡಿ ಇರೋ ಒಂದು ಸಣ್ಣ ಫಿಜಿಯೋಥೆರಪಿ ಸೆಂಟರ್ ಬಗ್ಗೆ. ಹೆಸರು ಹಾಕಿಲ್ಲ ಯಾಕಂದ್ರ ಅಲ್ಲಿ ಮೇಡಂ ಒಬ್ಬರೇ ನೋಡೋದು, ಈಗ ಬರೋ ಮಂದಿಗೇ ಟೈಮ್ ಸಾಲ್ವಲ್ದು ಹೆಸರು ಬರೀಬ್ಯಾಡ್ರಿ ಅಂತ ಅವರೇ ಹೇಳ್ಯಾರ. ಆದ್ರ ನಾ ಬರೀಲಾಕತ್ತಿದ್ದು ಬರೀ ಆ ಸೆಂಟರ್ ಸಲುವಾಗಿ ಅಲ್ಲ, ಕಾಲು ನೋಯ್ತದ ಅಂದ್ರ ಯಾರ ಕಡಿ ಹೋಗಬೇಕು ಅನ್ನೋದೇ ನಮ್ಮ ಕಡಿ ಭಾಳ ಮಂದಿಗಿ ಗೊತ್ತಾಗಲ್ಲ, ಎಲ್ಲಾ ಕಾಲು ನೋವಿಗೂ ಎಲುಬಿನ ಡಾಕ್ಟರೇ ಅಂತ ತಿಳ್ಕೊಂಡು ಒಂದಾದ ಮ್ಯಾಲ ಒಂದು ದವಾಖಾನಿ ಸುತ್ತತಾರ, ಅಂಥೋರಿಗಿ ಉಪಯೋಗ ಆಗ್ಲಿ ಅಂತ.

ನಮ್ಮವ್ವ ರೊಟ್ಟಿ ಮಾಡಿ ಮಾರತಾಳ. ಮೊದಲ ಕುಂತು ಮಾಡ್ತಿದ್ಳು, ಅಡಗಿ ಮನ್ಯಾಗ ಕಟ್ಟಿ ಕಟ್ಟಿಸಿದ ಮ್ಯಾಲ ನಿಂತೇ ಬಡಿತಾಳ, ನಸಿಕಿನಾಗ ಎದ್ದು ಮಧ್ಯಾಹ್ನ ತನಕ ಶಹಾಬಾದ್ ಪರ್ಸಿ ಮ್ಯಾಲ ಬರಿಗಾಲಲ್ಲೇ. ಹೋದ ವರ್ಷದಿಂದ ಹಿಮ್ಮಡ ನೋವು ಚಾಲೂ ಆಯ್ತು. ಹಾಸಗಿಂದ ಎದ್ದು ಮೊದಲ ಹೆಜ್ಜಿ ಇಟ್ಟಾಗ ಹಿಮ್ಮಡದಾಗ ಮೊಳಿ ಹೊಡದಂಗ ಆಯ್ತದ ಅಂತಿದ್ಳು, ನಾಲ್ಕು ಹೆಜ್ಜಿ ಓಡಾಡಿದ್ರ ಜರಾ ಕಡಿಮಿ, ಭಾಳ ಹೊತ್ತು ಕುಂತು ಎದ್ದ್ರ ಮತ್ತ ಅದೇ.

ಮೊದಲ ಒಂದು ಪ್ರೈವೇಟ್ ದವಾಖಾನಿಗಿ ಕರ್ಕೊಂಡು ಹೋದ್ವಿ. ಎರಡು ತಾಸು ಪಾಳಿ, ಒಳಗ ಎರಡು ನಿಮಿಷ. ಅವ್ವ ಚಪ್ಪಲಿ ಸುದ್ದಾ ಬಿಡ್ಲಿಲ್ಲ ಅಂದ್ರ ನೀವೇ ತಿಳ್ಕೋರಿ, ಕಾಲು ಮುಟ್ಟಿ ನೋಡದೇನೇ ಎಕ್ಸರೇ ಬರದ್ರು, ಎಕ್ಸರೇದಾಗ ಹಿಮ್ಮಡದ ಎಲುಬು ಮುಂದ ಬೆಳದದ ಅಂದ್ರು, ಸೂಜಿ ಮಾಡಿದ್ರು, ಗುಳಗಿ ಕೊಟ್ರು. ಜರಾ ದಿನ ಆರಾಮ ಅನಿಸ್ತು, ಆಮ್ಯಾಲ ಮತ್ತ ನೋವು. ಇನ್ನೊಂದು ಸೂಜಿ ಮಾಡೋಣು ಅಂದಾಗ ಅವ್ವನೇ ಬ್ಯಾಡ ಅಂದ್ಳು. ಆ ಎಲುಬು ಬೆಳಿಯೋದು ನೋವೇ ಇಲ್ಲದ ಭಾಳ ಮಂದಿ ಎಕ್ಸರೇದಾಗೂ ಕಾಣ್ತದ ಅಂತ ಆಮ್ಯಾಲ ಗೊತ್ತಾಯ್ತು, ನೋವು ಇರೋದು ಹಿಮ್ಮಡದಿಂದ ಬೆರಳಿನ ತನಕ ಅಂಗಾಲಾಗ ಹೋಗೋ ಒಂದು ದಪ್ಪ ಪಟ್ಟಿದಾಗ, ಪ್ಲಾಂಟರ್ ಫೇಶಿಯಾ ಅಂತಾರ ಅದಕ್ಕ. ಅಲ್ಲಿಗಿ ಮ್ಯಾಲಿಂದ ಮ್ಯಾಲ ಸ್ಟಿರಾಯ್ಡ್ ಸೂಜಿ ಮಾಡಿಸಿಕೊಂಡ್ರ ಆ ಪಟ್ಟಿನೇ ಹರಿಯೋ ಅಪಾಯ ಅದ, ಇದು ಮನಸಿನಾಗ ಇಟ್ಕೋರಿ.

ಈಗ ಫಿಜಿಯೋ ಮೇಡಂ ವಿಷಯಕ್ಕ ಬರ್ತೀನಿ. ಒಳಗ ಹೋದ ಕೂಡಲೇ ಅವರು ಹೇಳಿದ್ದು ಚಪ್ಪಲಿ ಬಿಡ್ರಿ, ಅಲ್ಲಿಂದ ಇಲ್ಲಿ ತನಕ ನಡದು ತೋರಸ್ರಿ ಅಂತ. ಹಿಂದಿಂದ ನೋಡಿದ್ರು, ಮುಂದಿಂದ ನೋಡಿದ್ರು, ತುದಿಗಾಲ ಮ್ಯಾಲ ನಿಲ್ಲಿಸಿದ್ರು. ಹಿಮ್ಮಡ ಸುತ್ತ ಒಂದೊಂದು ಜಾಗ ಒತ್ತಿ ಇಲ್ಲೇನ್ರಿ ಇಲ್ಲೇನ್ರಿ ಅಂತ ಕೇಳಿದ್ರು, ಮೀನಖಂಡ ಎಷ್ಟು ಬಿಗಿ ಅದ ಅಂತ ಪಾದ ಮ್ಯಾಲಕ್ಕ ಮಡಚಿ ನೋಡಿದ್ರು, ಟೊಂಕ ನೋಯ್ತದೇನು ಜೋಮು ಹಿಡಿತದೇನು ಶುಗರ್ ಅದೇನು ಎಲ್ಲಾ ಕೇಳಿದ್ರು, ಅವ್ವ ಬಿಟ್ಟ ಹಳೇ ಚಪ್ಪಲಿ ಎತ್ತಿ ಯಾವ ಕಡಿ ಸವದದ ಅಂತ ಸುದ್ದಾ ನೋಡಿದ್ರು. ಆಮ್ಯಾಲ ದಿನಾ ಏನ್ ಕೆಲಸ ಮಾಡ್ತೀರಿ ಅಂತ ಕೇಳಿದ್ರು, ರೊಟ್ಟಿ ಮಾಡ್ತೀನಿ ನಿಂತು ಅಂದ್ಲು ಅವ್ವ, ನೆಲ ಯಾವುದು ಅಂದ್ರು, ಪರ್ಸಿ ಅಂದ್ಲು. ನನಗಂತೂ ಅಲ್ಲೇ ಭರವಸೆ ಬಂತು. ಕಾಲಿನ ಡಾಕ್ಟರ್ ಹ್ಯಾಂಗ ಅದಾರ ಅಂತ ನೋಡಬೇಕಂದ್ರ ಇದೇ ನೋಡ್ರಿ, ಕಾಲು ಮುಟ್ಟಿ ನೋಡ್ತಾರೋ ಇಲ್ಲೋ, ನಡಸಿ ನೋಡ್ತಾರೋ ಇಲ್ಲೋ. ದವಾಖಾನಿ ಎಷ್ಟು ದೊಡ್ಡದು ಅನ್ನೋದು ಆಮ್ಯಾಲಿನ ಮಾತು.

ಕಲಸಿಕೊಟ್ಟಿದ್ದು ಭಾಳ ಸರಳ. ಮುಂಜಾನಿ ಹಾಸಗಿ ಬಿಡೋ ಮುಂಚೇನೇ ಟಾವೆಲ್ ಅಂಗಾಲಿಗಿ ಹಾಕಿ ಬೆರಳು ತನ್ನ ಕಡಿ ಎಳ್ಕೊಳ್ಳೋದು, ಗ್ವಾಡಿಗಿ ಕೈ ಕೊಟ್ಟು ಹಿಂದಿನ ಕಾಲು ನೇರ ಇಟ್ಟು ಮೀನಖಂಡ ಜಗ್ಗೋದು, ಸಂಜಿಗಿ ಫ್ರಿಜ್ಜಿನಾಗ ಗಟ್ಟಿ ಆದ ನೀರಿನ ಬಾಟ್ಲಿ ಮ್ಯಾಲ ಅಂಗಾಲು ಉಳ್ಳಿಸೋದು, ಜರಾ ಕಡಿಮಿ ಆದ ಮ್ಯಾಲ ಮೆಟ್ಟಲ ಅಂಚಿಗಿ ನಿಂತು ಹಿಮ್ಮಡ ಎತ್ತಿ ಇಳಸೋದು. ಮತ್ತ ಮನ್ಯಾಗ ಮೆತ್ತನ್ನ ಚಪ್ಪಲಿ ಹಾಕ್ಲೇಬೇಕು ಅಂದ್ರು. ಇದಕ್ಕ ನಮ್ಮವ್ವ ಕೇಳ್ಲೇ ಇಲ್ಲ, ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ರೊಟ್ಟಿ ಮಾಡ್ತಾರೇನ್ರಿ ಅಂತ ಸಿಟ್ಟಿಗೆದ್ಳು. ಮೇಡಂ ಸಮಾಧಾನದಿಂದ, ಅವ್ವಾರ, ಹೊಸ ಜೋಡು ತಗೋರಿ, ಹೊರಗ ಒಂದಿನಾನೂ ಹಾಕಬ್ಯಾಡ್ರಿ, ಅದು ಅಡಗಿ ಮನಿದೇ ಅಂತ ಇಡ್ರಿ ಅಂದ್ರು, ಆಗ ಒಪ್ಪಿದ್ಳು. ನಿಲ್ಲೋ ಜಾಗದಾಗ ದಪ್ಪ ರಬ್ಬರ್ ಮ್ಯಾಟ್ ಹಾಕೀವಿ.

ಎರಡು ವಾರದಾಗ ಹೋಗ್ತದ ಅಂತ ಸುಳ್ಳು ಹೇಳ್ಲಿಲ್ಲ ಅವರು, ತಿಂಗಳಾನುಗಟ್ಟಲೆ ಹಿಡಿತದ, ಆದ್ರ ಭಾಳ ಮಂದಿಗಿ ಆಪರೇಶನ್ ಇಲ್ಲದೇನೇ ಕಡಿಮಿ ಆಯ್ತದ ಅಂದ್ರು. ಹಂಗೇ ಆಗ್ಯದ. ಈಗ ಮುಂಜಾನಿ ನೋವು ಇಲ್ಲೇ ಇಲ್ಲ ಅನ್ನೋಷ್ಟು ಕಡಿಮಿ, ಹಬ್ಬದ ಆರ್ಡರ್ ಜಾಸ್ತಿ ಇದ್ದಾಗ ಜರಾ ಎದ್ದು ಬರ್ತದ, ಮತ್ತ ಟಾವೆಲ್ ತಗೋತಾಳ.

ಆದ್ರ ಎಲ್ಲಾ ಕಾಲು ನೋವಿಗೂ ಫಿಜಿಯೋ ಅಲ್ರಿ, ಇದು ಆ ಮೇಡಮ್ಮೇ ನಮಗ ತೋರಿಸಿಕೊಟ್ಟಿದ್ದು. ನಮ್ಮ ಕಾಕಾಗ ಅಂಗಾಲು ಉರಿತಿತ್ತು, ರಾತ್ರಿ ಚಾದರ ತಾಕಿದ್ರೂ ತಡ್ಕೊಳ್ಳಾಕ ಆಗ್ತಿದ್ದಿಲ್ಲ. ಅವ್ವಗ ಆರಾಮ ಆಗ್ಯದಲ್ಲ ಅಂತ ಅವರೂ ಅಲ್ಲಿಗೇ ಬಂದ್ರು. ಮೇಡಂ ಕಾಲು ನೋಡಿ, ಶುಗರ್ ಎಷ್ಟು ವರ್ಷದಿಂದ ಅದ ಅಂತ ಕೇಳಿ, ಇದು ನನ್ನ ಕೆಲಸ ಅಲ್ಲ ಮೊದಲ ಫಿಜಿಷಿಯನ್, ಅಂದ್ರ ಶುಗರ್ ಬಿಪಿ ಎಲ್ಲಾ ನೋಡೋ ಡಾಕ್ಟರ್ ಕಡಿ ಹೋಗ್ರಿ ಅಂತ ಚೀಟಿ ಬರದು ಕಳಸಿದ್ರು, ಫೀಸ್ ಸುದ್ದಾ ತಗೊಳ್ಲಿಲ್ಲ. ಫಿಜಿಷಿಯನ್ನು 10 ಗ್ರಾಂ ದಾರ ಅಂತಾರಲ್ಲ, ನೈಲಾನ್ ಎಳಿ ಇರ್ತದ, ಅದನ್ನ ಕಣ್ಣು ಮುಚ್ಚಿಸಿ ಅಂಗಾಲಿಗಿ ಚುಚ್ಚಿ ಎಲ್ಲಿ ತಿಳಿತದ ಅಂತ ಕೇಳಿದ್ರು, ಕಾಕಾಗ ಮೂರ್ನಾಲ್ಕು ಜಾಗದಾಗ ತಿಳೀಲೇ ಇಲ್ಲ. ಮೂರು ತಿಂಗಳ ಶುಗರ್ ಅಂತಾರಲ್ಲ ಆ ಎಚ್‌ಬಿಎ1ಸಿ, ಬಿ12 ವಿಟಮಿನ್ ಎಲ್ಲಾ ಟೆಸ್ಟ್ ಮಾಡಿಸಿದ್ರು. ನರಕ್ಕ ಸಕ್ಕರಿ ಬ್ಯಾನಿ ತಾಗ್ಯದ ಅಂದ್ರು.

ಇಲ್ಲಿ ನಾ ಜರಾ ಜಾಸ್ತಿ ಹೇಳ್ಲೇಬೇಕು. ನಮ್ಮ ಕಲಬುರಗಿ ಬಿಸಲು ಏಪ್ರಿಲ್ ಮೇದಾಗ 42-43 ಡಿಗ್ರಿ ದಾಟತದ, ಶರಣಬಸವೇಶ್ವರ ಜಾತ್ರಿ ಬರೋದೇ ಬ್ಯಾಸಗಿ ಚಾಲೂ ಆಗೋ ಹೊತ್ತಿಗಿ, ಗುಡಿಗಿ ದರ್ಗಾಕ್ಕ ಬರಿಗಾಲಲೇ ಹೋಗೋರು ಎಷ್ಟು ಮಂದಿ. ಕಾಲಾಗ ಸ್ಪರ್ಶ ಇಲ್ಲದ ಶುಗರ್ ಪೇಷೆಂಟಿಗಿ ಕಾದ ಕಲ್ಲು ಸುಟ್ಟಿದ್ದೇ ತಿಳಿಯಲ್ಲ, ಮನಿಗಿ ಬಂದು ನೋಡಿದ್ರ ಗುಳ್ಳಿ, ಅದೇ ಹುಣ್ಣು, ಅದೇ ಮುಂದ ಬೆರಳು ತಗಿಯೋ ಮಟ ಹೋಗ್ತದ. ದಯವಿಟ್ಟು ಮನ್ಯಾಗ ಶುಗರ್ ಇರೋ ಹಿರಿಯರ ಅಂಗಾಲು ದಿನಾ ರಾತ್ರಿ ನೀವೇ ನೋಡ್ರಿ, ಬೆರಳ ಸಂದಿ ಸಹಿತ, ಅವರಿಗಿ ಬಗ್ಗಿ ನೋಡ್ಕೊಳ್ಳಾಕ ಆಗಲ್ಲ. ನೋವು ಅಂತ ಬಿಸಿ ನೀರಾಗ ಕಾಲು ಇಡಿಸಬ್ಯಾಡ್ರಿ. ಕಾಕಾಗ ಈಗ ಎಂಸಿಆರ್ ಚಪ್ಪಲಿ ಕೊಡಿಸೀವಿ, ಒಳಗ ಮೆತ್ತನ್ನ ಕರಿ ರಬ್ಬರ್ ಇರ್ತದ, ಹಿಂದ ಪಟ್ಟಿ ಇರೋದೇ ತಗೋರಿ ಇಲ್ಲಂದ್ರ ಸ್ಪರ್ಶ ಇಲ್ಲದ ಕಾಲಿಂದ ಜಾರಿ ಹೋಗ್ತದ. ಹುಣ್ಣು ಆಗೇ ಬಿಟ್ಟಿದ್ರ ಮಲಾಮು ಹಚ್ಚಿ ಕುಂದ್ರಬ್ಯಾಡ್ರಿ, ಅದು ಸರ್ಜನ್ ಕೆಲಸ, ಇಲ್ಲಿನ ಸರ್ಕಾರಿ ದವಾಖಾನಿ ಜಿಮ್ಸ್‌ದಾಗ ಸರ್ಜರಿ ಓಪಿಡಿ ಅದ, ಅದೇ ದಿನ ಹೋಗ್ರಿ.

ಇನ್ನು ನಡದ್ರ ಮೀನಖಂಡ ಹಿಡಕೊಂಡು, ನಿಂತ್ರ ಎರಡು ನಿಮಿಷದಾಗ ಬಿಟ್ಟು, ಮತ್ತ ಅಷ್ಟೇ ದೂರ ನಡದ್ರ ಹಿಡಿತದ ಅಂದ್ರ ಅದು ಎಲುಬೂ ಅಲ್ಲ ನರಾನೂ ಅಲ್ಲ, ರಕ್ತನಾಳ ಸಣ್ಣ ಆಗಿರಬಹುದು, ಬೀಡಿ ಸಿಗರೇಟ್ ಸೇದೋರು ಮತ್ತ ಶುಗರ್ ಇದ್ದೋರು ಇದನ್ನ ವಯಸ್ಸಾಯ್ತು ಅಂತ ಬಿಡಬ್ಯಾಡ್ರಿ. ರಕ್ತ ಹ್ಯಾಂಗ ಹರಿತದ ಅಂತ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸಿ ರಕ್ತನಾಳದ ಡಾಕ್ಟರ್, ಅಂದ್ರ ವ್ಯಾಸ್ಕುಲರ್ ಸರ್ಜನ್ ಕಡಿ ತೋರಸಬೇಕು, ಇದಕ್ಕ ನಮ್ಮ ಕಡಿ ಮಂದಿ ಹೈದರಾಬಾದಿಗಿ ಇಲ್ಲಾ ಸೊಲ್ಲಾಪುರಕ್ಕ ಹೋಗ್ತಾರ, ಸ್ಕ್ಯಾನ್ ಇಲ್ಲೇ ಮಾಡಿಸಿಕೊಂಡು ಹೋದ್ರ ಒಂದು ತಿರುಗಾಟ ಉಳಿತದ. ಒಂದೇ ಕಾಲು ಎರಡೇ ದಿನದಾಗ ಬಾವು ಬಂದು ಬಿಸಿ ಆಗಿ ನೋಯ್ಲಾಕತ್ತಿದ್ರ, ಅದ್ರಾಗೂ ಆಪರೇಶನ್ ಆದ ಮ್ಯಾಲ, ಬಾಣಂತನದಾಗ ಇಲ್ಲಾ ಭಾಳ ದಿನ ಮಲ್ಕೊಂಡಿದ್ದಾಗ ಹಿಂಗಾದ್ರ ತಿಕ್ಕಬ್ಯಾಡ್ರಿ, ಎಣ್ಣಿ ಹಚ್ಚಬ್ಯಾಡ್ರಿ, ರಕ್ತ ಹೆಪ್ಪುಗಟ್ಟಿರಬಹುದು, ಸೀದಾ ಎಮರ್ಜೆನ್ಸಿಗಿ ಹೋಗ್ರಿ, ಉಸರು ಸಿಕ್ಕಂಗ ಆದ್ರಂತೂ ಒಂದು ನಿಮಿಷನೂ ತಡ ಮಾಡಬ್ಯಾಡ್ರಿ.

ಮೆಲ್ಲಗ ವರ್ಷಗಟ್ಟಲೆ ಬರೋ ಬಾವು ಬ್ಯಾರೇ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಕಂಡಂಥ ಜಿಲ್ಲಾಗಳೇ, ಆಶಾ ಕಾರ್ಯಕರ್ತೆಯರು ಮನಿಗಿ ಬಂದು ಗುಳಗಿ ನುಂಗಿಸೋದು ಇದಕ್ಕೇ. ಇದಕ್ಕ ರಕ್ತ ಭಾಳ ಸಲ ರಾತ್ರಿ ತಗೋತಾರ, ಆ ಹುಳದ ಮರಿ ರಾತ್ರಿ ಹೊತ್ತು ರಕ್ತದಾಗ ಓಡಾಡತಾವ ಅಂತ. ಪ್ರೈವೇಟಿಗಿ ರೊಕ್ಕ ಸುರಿಯೋ ಮುಂಚೆ ಸರ್ಕಾರಿ ದವಾಖಾನ್ಯಾಗ ಕೇಳ್ರಿ, ಗುಳಗಿ ಫ್ರೀ. ನಾಚಿಕಿ ಪಡೋ ಬ್ಯಾನಿ ಅಲ್ಲ ಇದು.

ಹೆಬ್ಬೆರಳು ರಾತ್ರೋರಾತ್ರಿ ಕೆಂಪಾಗಿ ಊದಿ ಮುಟ್ಟಾಕ ಕೊಡಲ್ಲ ಅಂದ್ರ ಯೂರಿಕ್ ಆಸಿಡ್ ಇರಬಹುದು, ಫಿಜಿಷಿಯನ್ ಸಾಕು. ಎರಡೂ ಕಾಲಿನ ಕೀಲು ಮುಂಜಾನಿ ತಾಸುಗಟ್ಟಲೆ ಬಿಗಿ ಇರ್ತಾವ ಅಂದ್ರ ರುಮಟಾಲಜಿ, ಅಂದ್ರ ಕೀಲು ವಾತ ನೋಡೋ ಡಾಕ್ಟರ್. ಟೊಂಕದಿಂದ ಕಾಲಿಗಿ ಕರೆಂಟ್ ಇಳದಂಗ ಇಳಿತದ ಅಂದ್ರ ಕಾಲಿನ ಎಕ್ಸರೇದಾಗ ಏನೂ ಸಿಗಲ್ಲ, ಬೆನ್ನು ತೋರಸ್ರಿ. ಬಿದ್ದು ಹೆಜ್ಜಿ ಊರಾಕೇ ಆಗ್ವಲ್ದು ಅಂದ್ರ ಆಗ ಎಲುಬಿನ ಡಾಕ್ಟರ್, ಅವತ್ತೇ, ಪಟ್ಟಿ ಕಟ್ಟೋರ ಕಡಿ ಹೋಗಿ ದಿನ ಕಳಿಬ್ಯಾಡ್ರಿ. ಬ್ಯಾರೇ ದೇಶದಾಗ ಪಾದಕ್ಕೇ ಅಂತ ಪೊಡಿಯಾಟ್ರಿಸ್ಟ್ ಇರ್ತಾರ, ನಮ್ಮಲ್ಲಿ ಆ ಪದ್ಧತಿ ಇನ್ನೂ ಬೆಳದಿಲ್ಲ, ಹಂಗಾಗಿ ಫೂಟ್ ಸ್ಪೆಷಲಿಸ್ಟ್ ಅಂತ ಬೋರ್ಡ್ ಕಂಡ್ರ ಏನು ಓದ್ಯಾರ ಅಂತ ಕೆಳಗಿನ ಸಣ್ಣ ಅಕ್ಷರ ಓದ್ರಿ. ಫಿಜಿಯೋ ಆದ್ರೂ ಅಷ್ಟೇ, ಬಿಪಿಟಿ ಇಲ್ಲಾ ಎಂಪಿಟಿ ಅನ್ನೋ ಫಿಜಿಯೋಥೆರಪಿ ಡಿಗ್ರಿ ಇರಬೇಕು. ಬರೇ ಮಶೀನ್ ಹಚ್ಚಿ ಮಲಗಿಸಿ ವ್ಯಾಯಾಮ ಒಂದೂ ಕಲಸಲ್ಲ ಅಂದ್ರ ಬ್ಯಾರೇ ಕಡಿ ನೋಡ್ರಿ.

ಅರ್ಧ ಸ್ಟಾರ್ ಕಡಿಮಿ ಕೊಟ್ಟಿದ್ದು ಯಾಕಂದ್ರ ಸೆಂಟರ್ ಮ್ಯಾಲಿನ ಮಾಳಗಿದಾಗ ಅದ, ಲಿಫ್ಟ್ ಇಲ್ಲ, ಮೆಟ್ಟಲ ಕಡಿದು, ಕಾಲು ನೋವಿನೋರು ಹತ್ತಾಕ ಭಾಳ ತಕಲೀಫ್ ಪಡ್ತಾರ, ಹಿಡ್ಕೊಳ್ಳಾಕ ಒಂದು ಕಡಿ ಕಂಬಿನೂ ಇಲ್ಲ. ಮೇಡಮ್ಮಿಗಿ ಹೇಳೀನಿ, ಕೆಳಗ ಜಾಗ ನೋಡ್ಲಾಕತ್ತಾರಂತ. ಫೀಸ್ ದುಬಾರಿ ಅಲ್ಲ, ದಿನಾ ಬರ್ರಿ ಅಂತ ಎಳಿಯಲ್ಲ, ಮನ್ಯಾಗ ಮಾಡೋದು ಕಲಸಿ ವಾರ ಬಿಟ್ಟು ಕರೀತಾರ. ಈ ಸೆಂಟರ್ ಗೊತ್ತಿದ್ದೋರು ಹೋಗೋದಿದ್ರ ಫೋನ್ ಮಾಡಿ ಪಾಳಿ ಹಚ್ಚಿ ಹೋಗ್ರಿ, ಮಧ್ಯಾಹ್ನ ಬಂದ್ ಇರ್ತದ. ದಿನಾ ಹಾಕೋ ಹಳೇ ಚಪ್ಪಲಿನೇ ಹಾಕ್ಕೊಂಡು ಹೋಗ್ರಿ, ಶುಗರ್ ರಿಪೋರ್ಟ್ ಮತ್ತ ಈಗ ನುಂಗೋ ಗುಳಗಿ ಚೀಟಿ ಸಂಗಟ ಇರಲಿ.