ರಾತ್ರಿ ಊಟದ ಅಡುಗೆಗಳು: 14 ತಿಂಗಳು ಮಾಡಿ ನೋಡಿ ಕೊಟ್ಟ ಅಂಕ

ಕಳೆದ ವರ್ಷ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಶಿಫ್ಟ್ ಬಂತು. ಹೊರಡುವುದು ಒಂದೂವರೆಗೆ, ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಅವತ್ತಿನಿಂದ ರಾತ್ರಿ ಅಡುಗೆ ನನ್ನದು. ಊರು ತುಮಕೂರು. ಮನೆಯಲ್ಲಿ ಐದು ಜನ: ನಾವಿಬ್ಬರು, ಅಮ್ಮ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಎಲ್ಲರೂ ಮಾಡುವ, ವಿಡಿಯೋಗಳಲ್ಲಿ ಮತ್ತೆ ಮತ್ತೆ ಕಾಣುವ ಅಡುಗೆಗಳನ್ನೇ ಒಂದೊಂದಾಗಿ ಹಿಡಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು, ಅಳತೆ, ಹಿಡಿದ ಸಮಯ ಬರೆಯುತ್ತಾ ಬಂದೆ.

ಪ್ರತಿ ಅಡುಗೆಗೂ ಐದಕ್ಕೆ ಇಷ್ಟು ಅಂತ ಎರಡು ಅಂಕ ಕೊಟ್ಟಿದ್ದೇನೆ. ಒಂದು, ಮೊದಲ ಸಲ ಮಾಡಿದ ರಾತ್ರಿ. ಇನ್ನೊಂದು, ಹತ್ತು ಸಲವಾದರೂ ಮಾಡಿದ ಮೇಲೆ. ಈ ಎರಡರ ನಡುವೆ ಇಷ್ಟು ವ್ಯತ್ಯಾಸ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಮೊದಲ ದಿನ ನಾವು ನೋಡುವುದು ರುಚಿ ಮಾತ್ರ. ಹತ್ತನೇ ಸಲಕ್ಕೆ ಸೊಪ್ಪು ಬಿಡಿಸುವ ಹೊತ್ತು, ತೊಳೆಯುವ ಪಾತ್ರೆ, ಬೆಳಿಗ್ಗೆಗೆ ಉಳಿದದ್ದರ ಗತಿ ಎಲ್ಲವೂ ಅಂಕದೊಳಗೆ ಬರುತ್ತದೆ.

ಇದಕ್ಕೆ ಪನ್ನೀರ್ ಗ್ರೇವಿ ಒಳ್ಳೆಯ ಉದಾಹರಣೆ. ಗೋಡಂಬಿ, ಟೊಮೆಟೊ ಬೇಯಿಸಿ ರುಬ್ಬಿ, ಬೆಣ್ಣೆ, ಕ್ರೀಮ್ ಹಾಕಿ ಮಾಡಿದ ಮೊದಲ ರಾತ್ರಿ ಮಕ್ಕಳು ಬಟ್ಟಲು ಒರೆಸಿ ತಿಂದರು. ಐದಕ್ಕೆ 5 ಬರೆದೆ. ನಾಲ್ಕನೇ ಸಲಕ್ಕೆ ಅರ್ಧ ಹಾಗೇ ಉಳಿಯಿತು. ಅಮ್ಮ ಮೊದಲಿಂದಲೂ ಎರಡು ಚಮಚಕ್ಕಿಂತ ಜಾಸ್ತಿ ಹಾಕಿಸಿಕೊಂಡಿರಲಿಲ್ಲ. ಐದು ಜನಕ್ಕೆ 200 ಗ್ರಾಂ ಪನ್ನೀರ್ ಸಾಲುವುದಿಲ್ಲ, ಜಾಸ್ತಿ ತಂದರೆ ಖರ್ಚು. ಈಗ 2.5. ತಿಂಗಳಿಗೊಮ್ಮೆ ಮಕ್ಕಳು ಕೇಳಿದಾಗ ಸಾಕು. ಇದನ್ನು ಹತ್ತರವರೆಗೆ ಎಳೆಯಲಿಲ್ಲ.

ಇನ್ನು ಬಸ್ಸಾರು, ಮುದ್ದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಹುಟ್ಟಿದಾಗಿಂದ ತಿಂದಿದ್ದೇನೆ, ಮಾಡಿದ್ದು ಮಾತ್ರ ಇದೇ ಮೊದಲು. ಮೊದಲ ಸಲದ ಅಂಕ 2. ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗ ಇದಕ್ಕೆ ನನ್ನ ಅಂಕ 5.

ಬಸ್ಸಾರು ಅಂದರೆ ಬಸಿದ ಸಾರು. ಬೇಳೆಯನ್ನೋ ಕಾಳನ್ನೋ ಸೊಪ್ಪಿನ ಜೊತೆ ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ಬೆಂದ ನೀರನ್ನು, ಅಂದರೆ ಕಟ್ಟನ್ನು ಬಸಿದುಕೊಳ್ಳಬೇಕು. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದ ಮೇಲೆ ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಒಂದು ಪಾತ್ರೆಯಲ್ಲಿ ಬೇಯಿಸಿದ್ದು ಎರಡು ಅಡುಗೆ ಆಗುತ್ತದೆ. ನಾನು ನೋಡಿಕೊಂಡು ಮಾಡಿದ ವಿಡಿಯೋದಲ್ಲಿ ಬೇಳೆ, ಸೊಪ್ಪು ಎರಡನ್ನೂ ಕುಕ್ಕರಿಗೆ ಹಾಕಿ ಮೂರು ಸೀಟಿ ಕೂಗಿಸಿ ಅಂದಿದ್ದರು. ಹಾಗೇ ಮಾಡಿದೆ. ಬೇಳೆ ಕರಗಿ ಹೋಯಿತು, ಬಸಿಯಲು ಏನೂ ಉಳಿಯಲಿಲ್ಲ. ಪಲ್ಯಕ್ಕೆ ಬೇಳೆ ಕಾಳುಕಾಳಾಗಿ ಸಿಗಬೇಕು. ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಸೌಟಿನಲ್ಲಿ ತಿರುವಿದರೆ ಒಡೆಯಬಾರದು. ಈಗ ತೆರೆದ ಪಾತ್ರೆಯಲ್ಲಿ ಬೇಯಿಸುತ್ತೇನೆ. ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕುತ್ತೇನೆ. ದಂಟು ಅಥವಾ ಹರಿವೆ, ಜೊತೆಗೆ ಒಂದು ಹಿಡಿ ಸಬ್ಬಸಿಗೆ. ಖಾರಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಸಾರಿನ ಪುಡಿ, ಹುಣಸೆ. ಇವುಗಳ ಜೊತೆ ಬೆಂದ ಬೇಳೆ ಸೊಪ್ಪನ್ನೂ ಒಂದು ಹಿಡಿ ಹಾಕಿ ರುಬ್ಬಬೇಕು. ಇದು ಅಮ್ಮ ಹೇಳಿದ್ದು. ಈ ಒಂದು ಹಿಡಿಯಿಂದಲೇ ಸಾರಿಗೆ ಮೈ ಬರುತ್ತದೆ. ಇಲ್ಲದಿದ್ದರೆ ನೀರು ಬೇರೆ, ಖಾರ ಬೇರೆ ನಿಲ್ಲುತ್ತದೆ.

ಅಲಸಂದೆ ಅಥವಾ ಹುರುಳಿ ಹಾಕುವುದಾದರೆ ನೀರಿನ ವಿಷಯ ಗಮನಿಸಿ. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು, ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಕಾಳು ಬೇಗ ಮೆತ್ತಗಾಗುವುದಿಲ್ಲ. ಎಷ್ಟು ಕುದಿಸಿದರೂ ಒಳಗೆ ಗಟ್ಟಿ. ಕುಡಿಯುವ ಫಿಲ್ಟರ್ ನೀರಿನಲ್ಲಿ ನೆನೆಸಿ ಬೇಯಿಸಲು ಶುರು ಮಾಡಿದ ಮೇಲೆ ಈ ತೊಂದರೆ ತಪ್ಪಿತು. ಇನ್ನೊಂದು ಮಾತು. ತುಮಕೂರು ಸಮುದ್ರ ಮಟ್ಟಕ್ಕಿಂತ 800 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಸುಮಾರು 97ಕ್ಕೇ ಕುದಿಯುತ್ತದೆ. ನನ್ನ ಹೆಂಡತಿ ಕುಂದಾಪುರದವಳು. ಅವರಮ್ಮ ಬರೆದುಕೊಟ್ಟ ಸಮಯಕ್ಕೆ ಇಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕರಾವಳಿಯವರ ಅಡುಗೆ ನೋಡಿ ಮಾಡುವ ಬಯಲುಸೀಮೆಯವರು ಗಡಿಯಾರ ನಂಬಬೇಡಿ, ಬೇಳೆ ಒತ್ತಿ ನೋಡಿ.

ಮುದ್ದೆಗೆ ಎಲ್ಲರೂ ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು ಅನ್ನುತ್ತಾರೆ. ನಮ್ಮ ಗಿರಣಿ ಹಿಟ್ಟಿಗೆ ಎರಡಕ್ಕಿಂತ ಸ್ವಲ್ಪ ಕಡಿಮೆ ಸಾಕು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಕುದಿಸಬೇಕು. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈ ಆಡಿಸದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಬೇಕು. ನನಗೆ ಕಷ್ಟ ಆಗಿದ್ದು ಈ ಐದು ನಿಮಿಷ. ಸುಮ್ನೆ ನಿಲ್ಲಲಾಗದೆ ಕೋಲು ಹಾಕಿ ತಿರುವುತ್ತಿದ್ದೆ, ಗಂಟಾಗುತ್ತಿತ್ತು. ಅಮ್ಮ ಹಿಂದೆ ನಿಂತು "ಬಿಡೋ, ಬೇಯಲಿ. ಹಿಟ್ಟು ಬೇಯದೆ ತಿರುವಿದರೆ ಹೊಟ್ಟೆನೋವು ಕಣೋ" ಅಂದರು. ಬೆಂದ ಮೇಲೆ ತಿರುವಿದರೆ ಎರಡೇ ನಿಮಿಷದಲ್ಲಿ ನುಣ್ಣಗಾಗುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿ ನೋಡಿದರೆ ಅಂಟಬಾರದು, ಅದೇ ಗುರುತು.

ಇಷ್ಟಕ್ಕೂ ಹಿಡಿಯುವುದು ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಸೊಪ್ಪು ಬಿಡಿಸುವುದಕ್ಕೇ ಇಪ್ಪತ್ತು ನಿಮಿಷ. ಯಾವ ವಿಡಿಯೋದಲ್ಲೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಅಮ್ಮ ಮತ್ತು ಮಗ ಸಂಜೆ ಟಿವಿ ಮುಂದೆ ಕೂತು ಬಿಡಿಸುತ್ತಾರೆ, ಹಾಗಾಗಿ ನನಗೆ ಐವತ್ತು ನಿಮಿಷ. ಮಾರನೇ ದಿನ ಆ ಸಾರನ್ನು ಕಾಯಿಸಿದರೆ ರುಚಿ ಇನ್ನೂ ಜಾಸ್ತಿ. ಬೆಳಿಗ್ಗೆ ಮಕ್ಕಳು ಇಡ್ಲಿಗೆ ಹಾಕಿಕೊಂಡು ತಿನ್ನುತ್ತಾರೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮಂಡಿನೋವಿನ ಅಮ್ಮನಿಗೂ, ಬೆಳೆಯುವ ಮಕ್ಕಳಿಗೂ ಒಂದೇ ತಟ್ಟೆಯಲ್ಲಿ ಒಪ್ಪುವ ಊಟ ಅಂದರೆ ನಮ್ಮ ಮನೆಯಲ್ಲಿ ಇದೊಂದೇ.

ಬಿಸಿಬೇಳೆಬಾತಿಗೆ ಮೊದಲ ಅಂಕ 3, ಈಗ 4.5. ಅಂಕ ಏರಿದ್ದು ಪುಡಿಯಿಂದ. ಮೊದಲು ಅಂಗಡಿಯ ಒಂದು ಪ್ಯಾಕೆಟ್ ಪುಡಿ ತಂದಿದ್ದೆ. ಚಕ್ಕೆಯ ವಾಸನೆ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಈಗ ತಿಂಗಳಿಗೊಮ್ಮೆ ಮನೆಯಲ್ಲೇ ಹುರಿಯುತ್ತೇನೆ: ನಾಲ್ಕು ಚಮಚ ಧನಿಯಾ, ಎರಡು ಚಮಚ ಕಡಲೆಬೇಳೆ, ಒಂದು ಉದ್ದಿನಬೇಳೆ, ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದಿಂಚು ಚಕ್ಕೆ, ನಾಲ್ಕು ಲವಂಗ, ಎರಡು ಮರಾಠಿ ಮೊಗ್ಗು, ಕಾಲು ಚಮಚ ಮೆಂತ್ಯ, ಒಂದು ಚಮಚ ಗಸಗಸೆ. ಬ್ಯಾಡಗಿಯೇ ಆಗಬೇಕು. ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ ಹನ್ನೆರಡು ಹಾಕಿದರೂ ಮಗ ತಿನ್ನುತ್ತಾನೆ. ಒಮ್ಮೆ ಅದು ಸಿಗದೆ ಗುಂಟೂರು ಮೆಣಸಿನಕಾಯಿ ಹಾಕಿದ್ದೆ, ಅವತ್ತು ಅವನು ಮೊಸರನ್ನ ತಿಂದು ಮಲಗಿದ. ಕೊಬ್ಬರಿಯನ್ನು ಈ ಪುಡಿಯ ಜೊತೆ ಸೇರಿಸಿ ಇಡಬೇಡಿ, ಬೇಗ ಕಮಟು ವಾಸನೆ ಬರುತ್ತದೆ. ಮಾಡುವ ದಿನ ಹುರಿದು ಹಾಕಿ. ನಮ್ಮದು ತಿಪಟೂರು ಕೊಬ್ಬರಿಯ ಜಿಲ್ಲೆ, ಅದಕ್ಕೇನೂ ಕೊರತೆ ಇಲ್ಲ.

ಅಕ್ಕಿ ಒಂದು ಲೋಟ, ತೊಗರಿಬೇಳೆ ಮುಕ್ಕಾಲು ಲೋಟ, ಒಟ್ಟು ಆರು ಲೋಟ ನೀರು. ಹುಣಸೆರಸ ಬೇಳೆ ಪೂರ್ತಿ ಬೆಂದ ಮೇಲೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಇದರ ಒಂದೇ ತೊಂದರೆ ನಮ್ಮಂಥವರಿಗೆ. ಎಂಟಕ್ಕೆ ಮಕ್ಕಳು ತಿನ್ನುವಾಗ ಹದವಾಗಿರುತ್ತದೆ. ಒಂಬತ್ತೂವರೆಗೆ ನನ್ನ ಹೆಂಡತಿ ಬರುವಷ್ಟರಲ್ಲಿ ಗಟ್ಟಿಯಾಗಿ ಸೌಟು ನಿಲ್ಲುತ್ತದೆ. ಅವಳ ಪಾಲಿಗೆ ಮುಕ್ಕಾಲು ಲೋಟ ಬಿಸಿನೀರು, ಚಿಟಿಕೆ ಉಪ್ಪು, ಅರ್ಧ ಚಮಚ ಪುಡಿ ಹಾಕಿ ಮತ್ತೆ ಕುದಿಸಿ, ಮೇಲೆ ತುಪ್ಪ ಹಾಕಿ ಕೊಡುತ್ತೇನೆ. ಮಧ್ಯಾಹ್ನದಿಂದ ವಾರ್ಡಿನಲ್ಲಿ ನಿಂತು ಬಂದವರಿಗೆ ತಣ್ಣನೆಯ ಊಟ ಕೊಡಬಾರದು. ಅರ್ಧ ಅಂಕ ಕಡಿಮೆ ಮಾಡಿದ್ದು ಈ ಎರಡನೇ ಕುದಿಗೆ.

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಲಿತದ್ದು ಪಕ್ಕದ ಮನೆಯ ವಿಜಯಪುರದ ಅಕ್ಕನಿಂದ. ಮೂರು ಸಲ ರೊಟ್ಟಿ ಅಂಚಿನಲ್ಲಿ ಒಡೆದಾಗ ಬಂದು ನೋಡಿ, "ನೀರು ಕುದಿಬೇಕ್ರಿ ಅಣ್ಣಾರ, ಬರೇ ಬಿಸಿ ಆದ್ರ ಸಾಲಂಗಿಲ್ಲ" ಅಂದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಸ್ವಲ್ಪ ಬೆಂದು ಜಿಗಿ ಬರುತ್ತದೆ, ಆ ಜಿಗಿಯ ಮೇಲೇ ರೊಟ್ಟಿ ನಿಲ್ಲುವುದು. ಹಿಟ್ಟು ಹಳತಾದರೂ ಒಡೆಯುತ್ತದೆ, ಹಾಗಾಗಿ ಎರಡು ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತೇನೆ. ಎಣ್ಣೆಗಾಯಿಗೆ ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಕೊಬ್ಬರಿ ಹುರಿದು ಪುಡಿ ಮಾಡಿ ಎಳೇ ಬದನೆಕಾಯಿಗೆ ತುಂಬಬೇಕು. ಗುರೆಳ್ಳು ಬಿಟ್ಟು ಮಾಡಿದರೆ ಅದು ಬೇರೆಯೇ ಪಲ್ಯ. ಮೊದಲ ಸಲ ರೊಟ್ಟಿ ಒಡೆದರೂ ರುಚಿಗೆ 4.5 ಕೊಟ್ಟೆ. ಹನ್ನೊಂದು ಸಲ ಮಾಡಿದ ಮೇಲೆ 3.5. ರುಚಿ ಕಡಿಮೆಯಾಗಿಲ್ಲ. ಐದು ಜನಕ್ಕೆ ಹನ್ನೆರಡು ರೊಟ್ಟಿ ಬಡಿದು ಪಲ್ಯವನ್ನೂ ಮಾಡಲು ನನಗೆ ಇನ್ನೂ ಎರಡು ಗಂಟೆ ಬೇಕು. ಇದು ಭಾನುವಾರದ ಅಡುಗೆ. ವಾರದ ನಡುವೆ ಆಸೆಯಾದರೆ ಕಡಕ್ ರೊಟ್ಟಿ ತಂದಿಟ್ಟುಕೊಂಡು ಪಲ್ಯ ಮಾತ್ರ ಮಾಡಿ. ಒಣಗಿದ ಜಾಗದಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ನೀರ್‌ದೋಸೆಗೆ ಮೊದಲು 3, ಈಗ 4.5. ಬೆಳಿಗ್ಗೆ ಎರಡು ಲೋಟ ಅಕ್ಕಿ ನೆನೆಹಾಕಿ ಹೋದರೆ ಸಂಜೆ ರುಬ್ಬುವುದಷ್ಟೇ. ಹುಳಿ ಬರಿಸುವ ಕೆಲಸ ಇಲ್ಲ, ಉದ್ದು ಇಲ್ಲ. ಹಿಟ್ಟು ಹೆಸರಿಗೆ ತಕ್ಕಂತೆ ನೀರಾಗಿರಬೇಕು. ನಾನು ಸೌಟಿನಲ್ಲಿ ಹರಡಲು ಹೋಗಿ ಹರಿಯುತ್ತಿತ್ತು. "ಅದನ್ನು ಹರಡ್ಲಿಕ್ಕಿಲ್ಲ ಮಾರಾಯ್ರೆ, ಹೊಯ್ಯೂದು ಮಾತ್ರ" ಅಂತ ನನ್ನ ಹೆಂಡತಿ ತೋರಿಸಿಕೊಟ್ಟಳು. ಅಕ್ಕಿ ತಳಕ್ಕೆ ಇಳಿಯುತ್ತದೆ, ಪ್ರತಿ ಸಲವೂ ಕಲಕಿ ಹೊಯ್ಯಬೇಕು. ಒಂದೇ ಮಗ್ಗುಲು ಬೇಯಿಸಿ ಮಡಚಿ ಇಡಿ, ಬಿಸಿಯಲ್ಲೇ ಒಂದರ ಮೇಲೊಂದು ಹರಡಿದರೆ ಅಂಟಿಕೊಳ್ಳುತ್ತದೆ. ಕಾಯಿಬೆಲ್ಲ ಸಾಕು, ಚಟ್ನಿಯೂ ಬೇಡ.

ಅಕ್ಕಿರೊಟ್ಟಿ 4, ಮೊದಲೂ ಅಷ್ಟೇ, ಈಗಲೂ ಅಷ್ಟೇ. ಬಿಸಿ ಬಾಣಲೆಯ ಮೇಲೆ ತಟ್ಟಲಾಗದು, ಪ್ರತಿ ಸಲ ತಣಿಯಲು ಕಾಯಬೇಕು. ಎರಡು ಬಾಣಲೆ ಇಟ್ಟುಕೊಂಡ ಮೇಲೆ ಅರ್ಧ ಹೊತ್ತು ಉಳಿಯಿತು.

ಬೇಸಿಗೆಯಲ್ಲಿ ಕೈಹಿಡಿದದ್ದು ಬೂದುಗುಂಬಳದ ಮಜ್ಜಿಗೆ ಹುಳಿ. ನೆನೆಸಿದ ಕಡಲೆಬೇಳೆ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ ರುಬ್ಬಿ, ಬೆಂದ ಹೋಳುಗಳಿಗೆ ಹಾಕಿ ಕುದಿಸಿ, ಕಡೆದ ಮೊಸರನ್ನು ಕೊನೆಗೆ ಸೇರಿಸುವುದು. ಮೊಸರು ಬಿದ್ದ ಮೇಲೆ ಕುದಿಸಿದರೆ ಒಡೆಯುತ್ತದೆ. ಅಂಚಿನಲ್ಲಿ ನೊರೆ ಕಂಡ ಕೂಡಲೇ ಇಳಿಸಿ. ಇಪ್ಪತ್ತೈದು ನಿಮಿಷದ ಕೆಲಸ. 4.

ಹಿತಕಿದ ಬೇಳೆ ಸಾರಿಗೆ ಹತ್ತು ಸಲದ ನಿಯಮ ಹಾಕಲಾಗಲಿಲ್ಲ. ಸೊಗಡಿನ ಅವರೆ ಬರುವುದು ಚಳಿಗಾಲಕ್ಕೆ, ಡಿಸೆಂಬರ್, ಜನವರಿಯಲ್ಲಿ. ಆರು ಸಲ ಮಾಡಿದೆವು. ಕಾಳು ಬಿಡಿಸಿ, ರಾತ್ರಿಯಿಡೀ ನೆನೆಸಿ, ಒಂದೊಂದನ್ನೇ ಹಿತಕಿ ಸಿಪ್ಪೆ ತೆಗೆಯಬೇಕು. ಸಮಯ ನೋಡಿದರೆ ಇದಕ್ಕೆ ಕಡಿಮೆ ಅಂಕ ಕೊಡಬೇಕಿತ್ತು. ಆದರೆ ಅಮ್ಮ, ಮಕ್ಕಳು, ರಜೆ ಇದ್ದ ದಿನ ನನ್ನ ಹೆಂಡತಿ, ನಾನು ಎಲ್ಲರೂ ಒಂದು ಬೇಸಿನ್ ಸುತ್ತ ಕೂತು ಮಾತಾಡಿದ್ದು ಆ ಆರು ದಿನಗಳಲ್ಲೇ. ಮಗಳು ಶಾಲೆಯ ವಿಷಯ ಬಾಯಿಬಿಟ್ಟು ಹೇಳಿದ್ದೂ ಆಗಲೇ. ಮೊದಲೂ 5, ಕೊನೆಗೂ 5.

ಒಂದು ಎಚ್ಚರಿಕೆ. ಅನ್ನ ಉಳಿದರೆ ಬೆಳಗಿನ ಚಿತ್ರಾನ್ನಕ್ಕೆ ಅಂತ ರಾತ್ರಿಯಿಡೀ ಒಲೆ ಪಕ್ಕ ಬಿಡಬೇಡಿ. ಬೆಂದ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಟ್ಟೆಯಲ್ಲಿ ಹರಡಿ ಆರಿಸಿ, ಊಟವಾದ ಮೇಲೆ ಬೇಗ ಫ್ರಿಜ್‌ಗೆ ಸೇರಿಸಿ.

ಈಗ ಹಿಡಿದಿರುವುದು ಉಪ್ಪುಸಾರು. ಸಾರು ಸುಲಭ, ಕಷ್ಟ ಇರುವುದು ಅದರ ಜೊತೆಯ ಖಾರದಲ್ಲಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು, ಅಷ್ಟೇ. ಮಿಕ್ಸಿಯಲ್ಲಿ ಎರಡು ಸಲ ಮಾಡಿದೆ, ಅಮ್ಮ ಬೆರಳಲ್ಲಿ ನೆಕ್ಕಿ ಏನೂ ಹೇಳಲಿಲ್ಲ. ಮೂರನೇ ಸಲ ಒರಳುಕಲ್ಲಿನಲ್ಲಿ ಅರೆದೆ. "ಈಗ ದಾರಿಗೆ ಬಂತು, ಉಪ್ಪು ಇನ್ನೊಂಚೂರು ಬೇಕು ಕಣೋ" ಅಂದರು. ನೋಟ್‌ಬುಕ್ಕಿನಲ್ಲಿ ಅಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಬುಧವಾರ ಮತ್ತೆ ಅರೆಯುತ್ತೇನೆ.